ಕೇಳಿದ ಮೇಲೆ: ಮಕ್ಕಳ ಗ್ರಾಮಸಭೆಯೂ ಹಿರಿಯರ ಅನುಪಾಲನೆಯೂ

೧

ಕರ್ನಾಟಕದ ಕಚೇರಿಗಳಲ್ಲಿ ‘ಅನುಪಾಲನಾ ವರದಿ’ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಮೇಲಧಿಕಾರಿಗಳು ಕೊಟ್ಟ ಸೂಚನೆಯನ್ನಾಗಲಿ, ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಯನ್ನಾಗಲಿ ಕೆಳಗಿನ ಕಚೇರಿ ಹೇಗೆ ನೆರವೇರಿಸಿತೆಂಬುದನ್ನು ತಿಳಿಸುವ ಪತ್ರಕ್ಕೆ ಆ ಹೆಸರು. ಶಬ್ದದ ಮೂಲಾರ್ಥವು ಇದಕ್ಕಿಂತ ವಿಶಾಲವಾದುದು. ‘ಪಾಲನೆ’ಯೆಂದರೆ ಕಾಯುವುದು, ಪೊರೆಯುವುದು. ‘ಅನು’ ಎಂಬ ಉಪಸರ್ಗಕ್ಕೆ ಬಳಿಕ, ಬೆನ್ನಿಗೆ, ಅನುಸರಿಸಿ ಎಂಬ ಅರ್ಥಗಳುಂಟು. ಆಡಿದ ಮಾತಿನ ಬೆನ್ನು ಹಿಡಿದು ಹೋಗಿ ಅದನ್ನು ಕಾಯುವುದೇ ಅನುಪಾಲನೆ. ಕಚೇರಿಯ ಬಳಕೆಯಲ್ಲಿ ಈ ಅರ್ಥ ಕುಗ್ಗಿ, ಕೆಳಗಿನವನು ಮೇಲಿನವನಿಗೆ ಸಲ್ಲಿಸುವ ಲೆಕ್ಕವಾಗಿ ಉಳಿದಿದೆ. ದೊಡ್ಡವರು ಚಿಕ್ಕವರಿಗೆ ಅನುಪಾಲನೆಯನ್ನು ಒಪ್ಪಿಸಬೇಕಾದ ಸಂದರ್ಭವೊಂದು ಉಂಟೆಂಬುದು ಈ ಬಳಕೆಗೆ ತೋರಿಯೇ ಇಲ್ಲ.

ಅಂಥ ಸಂದರ್ಭವು ಕನ್ನಡ ನಾಡಿನಲ್ಲಿಯೇ ಒದಗಿಬಂದಿದೆ. ಗ್ರಾಮಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ಕರೆಯಬೇಕೆಂದು ಕರ್ನಾಟಕ ಸರ್ಕಾರವು ೨೦೦೬ರಲ್ಲಿ ಸುತ್ತೋಲೆ ಹೊರಡಿಸಿತು. ಊರಿನ ಮಕ್ಕಳು ಒಂದೆಡೆ ಕೂಡುತ್ತಾರೆ. ಶಾಲೆ, ಅಂಗನವಾಡಿ, ದಾರಿ, ನೀರು, ಆಟದ ಬಯಲು ಇವುಗಳ ವಿಚಾರವಾಗಿ ಮಾತನಾಡುತ್ತಾರೆ. ಕೆಲವೆಡೆ ಊರಿನ ನಕ್ಷೆಯನ್ನೇ ಬಿಡಿಸಿ ಯಾವುದು ಎಲ್ಲಿರಬೇಕೆಂದು ತೋರಿಸುತ್ತಾರೆ. ಅಧ್ಯಕ್ಷರು, ಸದಸ್ಯರು, ಅಧಿಕಾರಿಗಳು ಕುಳಿತು ಕೇಳುತ್ತಾರೆ. ಮಕ್ಕಳನ್ನು ವಿನ್ಯಾಸದ ಕೆಲಸದಲ್ಲಿ ಕೂಡಿಸಿಕೊಳ್ಳುವ ಪದ್ಧತಿ ಜಗತ್ತಿನ ಹಲವೆಡೆ ಬೆಳೆದಿದೆಯಾದರೂ ಅದನ್ನು ಗ್ರಾಮಾಡಳಿತದ ವಾರ್ಷಿಕ ಕರ್ತವ್ಯವಾಗಿ ವಿಧಿಸಿದುದು ಸಾಮಾನ್ಯ ಸಂಗತಿಯಲ್ಲ.

ಈ ಸಭೆಗಳನ್ನು ಕುರಿತು ಬರುವ ಬರಹಗಳೆಲ್ಲ ಸಾಮಾನ್ಯವಾಗಿ ಸಭೆಯ ದಿನವನ್ನೇ ವರ್ಣಿಸುತ್ತವೆ. ಯಾವ ಬಾಲಕ ಎಷ್ಟು ದಿಟ್ಟವಾಗಿ ಪ್ರಶ್ನಿಸಿದ, ಯಾವ ಬಾಲಕಿಯ ಮಾತಿಗೆ ಸಭೆ ಕೈತಟ್ಟಿತು ಎಂಬಲ್ಲಿಗೆ ಕಥನ ಮುಗಿಯುತ್ತದೆ. ಮರುದಿನದಿಂದ ಏನಾಯಿತೆಂಬುದು ವಿಮರ್ಶೆಗೆ ವಸ್ತುವಾಗಿಲ್ಲ. ಸಭೆಯ ಬೆಲೆಯು ಸಭೆಯಲ್ಲಿಲ್ಲ, ಅದರ ಅನುಪಾಲನೆಯಲ್ಲಿದೆ; ಆ ಅನುಪಾಲನೆಯು ಮೊದಲು ಮಕ್ಕಳಿಗೆ ಸಲ್ಲಬೇಕು, ಬಳಿಕ ಮೇಲಿನ ಕಚೇರಿಗೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ಸಂಸ್ಥೆಯ ಬೇರುಗಳು ಕುಂದಾಪುರ ಸೀಮೆಯಲ್ಲಿವೆ. ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸಂಸ್ಥೆಯ ಆಶ್ರಯದಲ್ಲಿ ೧೯೯೦ರಲ್ಲಿ ದುಡಿಯುವ ಮಕ್ಕಳು ‘ಭೀಮ ಸಂಘ’ವೆಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ೧೯೯೫ರ ಸುಮಾರಿಗೆ ಆ ಸೀಮೆಯ ಕೆಲವು ಪಂಚಾಯತಿಗಳಲ್ಲಿ, ಮಕ್ಕಳೇ ಮತ ಹಾಕಿ ಆರಿಸಿದ ‘ಮಕ್ಕಳ ಪಂಚಾಯತಿ’ಗಳು ಹುಟ್ಟಿದವು. ಶಾಲೆಗೆ ಹೋಗುವವರೂ ಹೋಗದೆ ದುಡಿಯುವವರೂ ಅದರಲ್ಲಿ ಸೇರಿದ್ದರು. ಹತ್ತನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕುಂದಾಪುರ ತಾಲ್ಲೂಕಿನ ಮಕ್ಕಳು ತಮ್ಮ ಪಂಚಾಯತಿಗಳ ಯೋಜನೆಗಾಗಿ ಮಾಹಿತಿಯನ್ನು ಕಲೆಹಾಕಿ ತಮ್ಮ ಬೇಡಿಕೆಗಳನ್ನು ಕ್ರಮವಾಗಿ ಮಂಡಿಸಿದರು.

ಅವರು ಎತ್ತಿದ ಪ್ರಶ್ನೆಗಳಲ್ಲಿ ಕಾಲುಸಂಕಗಳದು ಒಂದು. ಕರಾವಳಿಯ ಒಳನಾಡನ್ನು ಕಂಡವರಿಗೆ ಕಾಲುಸಂಕವೆಂದರೇನೆಂದು ವಿವರಿಸಬೇಕಿಲ್ಲ. ಘಟ್ಟದ ಕಡೆಯಿಂದ ಇಳಿದು ಬರುವ ತೋಡು ಹೊಳೆಗಳ ಮೇಲೆ ಅಡಿಕೆಮರದ ದಬ್ಬೆಯನ್ನೋ, ಒಂದೆರಡು ಮರದ ದಿಮ್ಮಿಗಳನ್ನೋ ಅಡ್ಡ ಹಾಕಿ ಕಟ್ಟಿದ ದಾರಿ ಅದು. ಬೇಸಿಗೆಯಲ್ಲಿ ಅದರ ಅಗತ್ಯವೇ ಕಾಣದು. ಮಳೆಗಾಲದಲ್ಲಿ ಮರ ನೆನೆದು ಪಾಚಿ ಹಿಡಿದು, ಕೆಳಗೆ ನೀರು ಕೆಂಪಾಗಿ ಉಕ್ಕುವಾಗ ಶಾಲೆಗೂ ಮನೆಗೂ ನಡುವೆ ಇರುವುದು ಅದೊಂದೇ. ಹಿರಿಯನಿಗೆ ಅದು ವರ್ಷದಲ್ಲಿ ನಾಲ್ಕು ತಿಂಗಳ ತೊಂದರೆ. ಶಾಲೆ ತೆರೆಯುವುದೇ ಮಳೆಯೊಡನೆಯಾದುದರಿಂದ ಮಗುವಿಗೆ ಅದು ಶಾಲೆಯ ದಾರಿಯೇ. ಮಕ್ಕಳು ಕೇಳದೆ ಹೋಗಿದ್ದರೆ ಹಿರಿಯರ ಪಟ್ಟಿಯಲ್ಲಿ ಕಾಲುಸಂಕಕ್ಕೆ ಅಷ್ಟು ಮೇಲಿನ ಸ್ಥಾನ ಸಿಕ್ಕುತ್ತಿತ್ತೆಂದು ಹೇಳಲಾಗದು.

ಕುಂದಾಪುರದ ಪ್ರಯೋಗದಲ್ಲಿ ಗಮನಿಸತಕ್ಕ ಅಂಶವೆಂದರೆ, ಅಲ್ಲಿ ಕೇಳುವ ಏರ್ಪಾಡಿನ ಜೊತೆಗೆ ಬೆನ್ನು ಹಿಡಿಯುವ ಏರ್ಪಾಡೂ ಇತ್ತು. ಮಕ್ಕಳ ಪ್ರತಿನಿಧಿಗಳೂ ಅಧಿಕಾರಿಗಳೂ ಜನಪ್ರತಿನಿಧಿಗಳೂ ಎದುರು ಬದುರು ಕೂರುವ ಕಾರ್ಯಪಡೆಗಳು ಇದ್ದವು. ತಮ್ಮ ಪರವಾಗಿ ಓಡಾಡಲು ಮಕ್ಕಳೇ ಆರಿಸಿಕೊಂಡ ಹಿರಿಯನೊಬ್ಬನಿಗೆ ‘ಮಕ್ಕಳ ಮಿತ್ರ’ನೆಂಬ ಹೆಸರಿತ್ತು. ‘ಭೀಮ ಪತ್ರಿಕೆ’ ಎಂಬ ಮಕ್ಕಳ ಗೋಡೆಪತ್ರಿಕೆಯಿತ್ತು. ಆದಕಾರಣ ಒಂದು ಸಭೆಯಲ್ಲಿ ಆಡಿದ ಮಾತು ಮುಂದಿನ ಸಭೆಯವರೆಗೆ ಯಾರದಾದರೂ ನೆನಪಿನಲ್ಲಿ ಉಳಿಯುತ್ತಿತ್ತು. ಸುತ್ತೋಲೆಯ ಮೂಲಕ ನಾಡಿಗೆಲ್ಲ ಹರಡಿದಾಗ, ಈ ಪ್ರಯೋಗದಿಂದ ಸಭೆಯು ಸುಲಭವಾಗಿ ದಾಟಿಬಂದಿತು. ನೆನಪಿಡುವ ಏರ್ಪಾಡು ಅಷ್ಟು ಸುಲಭವಾಗಿ ದಾಟಿಬರಲಿಲ್ಲ. ವರ್ಷಕ್ಕೊಮ್ಮೆ ಕೂಡುವ ಸಭೆಗೆ ನೆನಪಿಲ್ಲ. ನೆನಪಿರುವುದು ನಡಾವಳಿಯ ಪುಸ್ತಕಕ್ಕೆ ಮಾತ್ರ. ಆದುದರಿಂದ ಆ ಪುಸ್ತಕದ ಭಾಷೆಯನ್ನೇ ಪರೀಕ್ಷಿಸಬೇಕಾಗುತ್ತದೆ.

೩

ಕಚೇರಿಗನ್ನಡದಲ್ಲಿ ಉತ್ತರ ಬರೆಯುವ ಕೆಲವು ಸಿದ್ಧ ವಾಕ್ಯಗಳಿವೆ. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುವುದು’, ‘ಅನುದಾನದ ಲಭ್ಯತೆಯ ಮೇರೆಗೆ ಕಾಮಗಾರಿ ನಿರ್ವಹಿಸಲಾಗುವುದು’, ‘ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು’. ಇವನ್ನು ಓದದ ಕನ್ನಡಿಗನಿಲ್ಲ. ಈ ವಾಕ್ಯಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಎರಡು ಲಕ್ಷಣಗಳು ಎದ್ದು ಕಾಣುತ್ತವೆ. ಒಂದು, ಇವುಗಳಲ್ಲಿ ಕರ್ತೃಪದವಿಲ್ಲ. ಎರಡು, ಕಾಲವು ಭವಿಷ್ಯತ್ತಾದರೂ ಆ ಭವಿಷ್ಯತ್ತಿಗೆ ಅಂಚಿಲ್ಲ. ಮಾಡುವವನು ಯಾರೆಂದೂ ತಿಳಿಯದು, ಎಂದು ಮಾಡುವನೆಂದೂ ತಿಳಿಯದು. ಕನ್ನಡದ ಆಡುಮಾತು ಕರ್ಮಣಿ ಪ್ರಯೋಗವನ್ನು ಒಗ್ಗಿಸಿಕೊಂಡಿಲ್ಲವೆಂಬುದು ಭಾಷಾಭ್ಯಾಸಿಗಳು ಬಲ್ಲ ಸಂಗತಿ. ಯಾವ ತಾಯಿಯೂ ಮಗುವಿಗೆ ‘ಅನ್ನ ಬಡಿಸಲಾಗುವುದು’ ಎನ್ನುವುದಿಲ್ಲ. ಮಗುವಿನ ಕಿವಿಗೆ ಈ ವಾಕ್ಯವೇ ಅಪರಿಚಿತ. ಅದು ಸ್ಪಷ್ಟವಾಗಿ ಕೇಳಿದ ಪ್ರಶ್ನೆಗೆ, ತನ್ನದಲ್ಲದ ಭಾಷೆಯಲ್ಲಿ, ಯಾರದೂ ಅಲ್ಲದ ಉತ್ತರ ಬರುತ್ತದೆ.

ಇದನ್ನು ಬರಿಯ ಜಾರಿಕೆಯ ಮಾತೆಂದು ಹಳಿದುಬಿಡುವುದು ನ್ಯಾಯವಲ್ಲ. ಕರ್ತೃಪದ ಮರೆಯಾಗುವುದಕ್ಕೆ ಕಾರಣವಿದೆ. ಅಂಗನವಾಡಿಯು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದುದು. ಶಿಕ್ಷಕರ ನೇಮಕ ಶಿಕ್ಷಣ ಇಲಾಖೆಯದು. ಊರ ನಡುವಿನ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದಾಗಿರಬಹುದು. ಬಸ್ಸು ಸಾರಿಗೆ ನಿಗಮದ್ದು. ಸಭೆಯಲ್ಲಿ ಕುಳಿತ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಕೈಯಲ್ಲಿ ಇವುಗಳಲ್ಲಿ ಹೆಚ್ಚಿನವು ಇಲ್ಲ. ಮಾಡುವ ಅಧಿಕಾರವಿಲ್ಲದವನು ‘ಮಾಡುತ್ತೇನೆ’ ಎನ್ನಲಾರ. ಮಕ್ಕಳೆದುರು ‘ನನ್ನಿಂದಾಗದು’ ಎನ್ನಲು ಸಂಕೋಚ. ಹೀಗೆ ‘ಮಾಡಲಾಗುವುದು’ ಎಂಬ ರೂಪ ಹುಟ್ಟುತ್ತದೆ. ಅದು ಸುಳ್ಳಲ್ಲ, ಆದರೆ ಮಗು ತಿಳಿಯಬೇಕಾದ ಮುಖ್ಯ ಸಂಗತಿಯನ್ನೇ, ಎಂದರೆ ಬಾಗಿಲು ಯಾವುದು, ಯಾರು ತೆರೆಯಬೇಕು ಎಂಬುದನ್ನೇ ಅದು ಮುಚ್ಚುತ್ತದೆ. ‘ಈ ಕೆಲಸ ನಮ್ಮದಲ್ಲ, ಇಂಥ ಇಲಾಖೆಯದು, ಇಂಥ ದಿನ ಅವರಿಗೆ ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ’ ಎಂಬ ವಾಕ್ಯದಲ್ಲಿ ಫಲವಿಲ್ಲದಿದ್ದರೂ ಸತ್ಯವಿದೆ. ಆ ಸತ್ಯವೇ ಪೌರಶಿಕ್ಷಣ.

ವ್ಯಾಪಾರದ ಬಳಕೆಯಿಂದ ಒಂದು ಹೋಲಿಕೆಯನ್ನು ತರಬಹುದು. ಹುಂಡಿಗಳಲ್ಲಿ ದರ್ಶನಿ, ಮುದ್ದತಿ ಎಂದು ಎರಡು ಬಗೆ. ಕಂಡೊಡನೆ ಹಣ ಸಲ್ಲಬೇಕಾದುದು ದರ್ಶನಿ. ಗೊತ್ತಾದ ಅವಧಿ ತುಂಬಿದ ಮೇಲೆ ಸಲ್ಲತಕ್ಕದ್ದು ಮುದ್ದತಿ. ಎರಡೂ ಮಾನ್ಯವೇ. ಅವಧಿಯೂ ಇಲ್ಲದ, ಸಲ್ಲಿಸುವವನ ಹೆಸರೂ ಇಲ್ಲದ ಹುಂಡಿಯನ್ನು ಯಾವ ಪೇಟೆಯೂ ಕೈಯಿಂದ ಮುಟ್ಟದು. ‘ಕ್ರಮ ಕೈಗೊಳ್ಳಲಾಗುವುದು’ ಎಂಬುದು ಆ ಮೂರನೆಯ ಜಾತಿಯ ಹುಂಡಿ. ಅದನ್ನು ಮಕ್ಕಳ ಕೈಗೆ ಕೊಡುವವರು, ದೊಡ್ಡವರ ಪೇಟೆಯಲ್ಲಿ ನಡೆಯದ ಕಾಗದ ಮಕ್ಕಳ ಪೇಟೆಯಲ್ಲಿ ನಡೆದೀತೆಂದು ಬಗೆದಂತಾಯಿತು.

೪

ಉತ್ತರದ ಭಾಷೆಗೂ ಮುಂಚೆ ಇನ್ನೊಂದು ತೊಡಕಿದೆ. ಅದು ಅರ್ಥೈಸುವಿಕೆಯದು. ಮಕ್ಕಳ ಮಾತು, ಮಕ್ಕಳು ಬರೆದ ಚಿತ್ರ ಇವು ಒಂದು ಬಗೆಯ ಮೂಲಪಾಠ. ಹಿರಿಯರು ಅದರ ವ್ಯಾಖ್ಯಾನಕಾರರು. ವ್ಯಾಖ್ಯಾನಕಾರನಿಗೆ ಎರಡು ದೋಷಗಳು ಸಹಜ. ಅಕ್ಷರಕ್ಕೆ ಅಂಟಿಕೊಂಡು ಭಾವವನ್ನು ಬಿಡುವುದು ಒಂದು. ತನ್ನ ಭಾವವನ್ನು ಮೂಲದ ಮೇಲೆ ಹೇರುವುದು ಇನ್ನೊಂದು. ಬಾಲಕಿಯೊಬ್ಬಳು ಕಾಲುಸಂಕದ ಚಿತ್ರ ಬರೆದು ಅದರ ಇಬ್ಬದಿಗೂ ಗೆರೆಗಳನ್ನೆಳೆದಳೆಂದು ಇಟ್ಟುಕೊಳ್ಳೋಣ. ‘ಮಕ್ಕಳಿಗೆ ಸೇತುವೆ ಬೇಕು’ ಎಂದು ನಡಾವಳಿಯಲ್ಲಿ ಬರೆದುಕೊಂಡವನು ಆ ಗೆರೆಗಳನ್ನು ಓದಲಿಲ್ಲ. ಅವು ಹಿಡಿದುಕೊಳ್ಳಲು ಆಸರೆಯೆಂದು ಓದಿದವನೂ, ಆ ಆಸರೆಯನ್ನು ತನ್ನ ಸೊಂಟದ ಎತ್ತರಕ್ಕೆ ಕಟ್ಟಿಸಿದರೆ, ಆರು ವರ್ಷದ ಮಗು ಅದರ ಕೆಳಗಿನಿಂದಲೇ ಜಾರಬಹುದು. ಕಾಮಗಾರಿ ಮುಗಿದಿದೆ, ಬಿಲ್ಲು ಪಾವತಿಯಾಗಿದೆ, ವರದಿಯಲ್ಲಿ ‘ಪೂರ್ಣಗೊಂಡಿದೆ’ ಎಂದು ದಾಖಲಾಗಿದೆ. ಆದರೂ ಬಾಲಕಿ ಹೇಳಿದ್ದು ಆಗಿಲ್ಲ.

ಇಂಥ ತಪ್ಪನ್ನು ತಿದ್ದಿಕೊಳ್ಳಲು ಒಂದೇ ಉಪಾಯವಿದೆ. ವ್ಯಾಖ್ಯಾನವನ್ನು ಮೂಲಕರ್ತೃವಿಗೆ ಮರಳಿ ತೋರಿಸುವುದು. ಹಳಗನ್ನಡ ಕಾವ್ಯಗಳ ವ್ಯಾಖ್ಯಾನಕಾರರಿಗೆ ಆ ಸೌಲಭ್ಯವಿರಲಿಲ್ಲ. ಕವಿಗಳು ಎಂದೋ ತೀರಿಕೊಂಡಿದ್ದರು. ಪಂಚಾಯತಿಯ ವ್ಯಾಖ್ಯಾನಕಾರರಿಗೆ ಆ ಸೌಲಭ್ಯವಿದೆ. ಮೂಲಕರ್ತೃ ಪಕ್ಕದ ಶಾಲೆಯಲ್ಲೇ ಕುಳಿತಿದ್ದಾಳೆ. ‘ನೀನು ಹೇಳಿದ್ದು ಇದೇ ಏನಮ್ಮ?’ ಎಂದು ನಕ್ಷೆ ಹಿಡಿದು ಕೇಳಲು ಅನುದಾನ ಬೇಕಾಗದು. ಅನುಪಾಲನೆಯ ಮೊದಲ ಹೆಜ್ಜೆ ಇದು; ಖರ್ಚಿಲ್ಲದ ಹೆಜ್ಜೆಯೂ ಇದೇ. ಆದರೂ ಸಾಮಾನ್ಯವಾಗಿ ಬಿಟ್ಟುಹೋಗುವ ಹೆಜ್ಜೆ ಇದೇ ಆಗಿರುವುದು ವಿಚಾರಾರ್ಹ.

೫

ಈ ಬಿಡುಗಡೆಯ ಫಲವೇನೆಂಬುದಕ್ಕೆ ಗ್ರಾಮಗಳಾಚೆಯ ಎರಡು ನಿದರ್ಶನಗಳನ್ನು ನೋಡಬಹುದು. ಬೆಳೆಯುವ ಮಕ್ಕಳು ತಮ್ಮ ನಗರವನ್ನು ಹೇಗೆ ಕಾಣುತ್ತಾರೆಂಬ ಅಧ್ಯಯನವನ್ನು ೧೯೭೦ರ ದಶಕದಲ್ಲಿ ಕೆವಿನ್ ಲಿಂಚ್ ಎಂಬ ನಗರಶಾಸ್ತ್ರಜ್ಞರು ಯುನೆಸ್ಕೋದ ಆಶ್ರಯದಲ್ಲಿ ಕೈಗೊಂಡಿದ್ದರು. ೧೯೯೦ರ ದಶಕದಲ್ಲಿ ಲೂಯಿಸ್ ಚಾವ್ಲಾ ಅವರು ಅದಕ್ಕೆ ಮರುಜೀವ ಕೊಟ್ಟಾಗ ಆರಿಸಿದ ಸ್ಥಳಗಳಲ್ಲಿ ಬೆಂಗಳೂರಿನ ಅಂಚಿನ ಸತ್ಯನಗರವೆಂಬ ಬಡವರ ಬಡಾವಣೆ ಒಂದು. ಡೇವಿಡ್ ಡ್ರಿಸ್ಕೆಲ್, ಕಾಂಚನ್ ಬ್ಯಾನರ್ಜಿ ಇವರು ಅಲ್ಲಿಯ ಮಕ್ಕಳೊಡನೆ ಕೂಡಿ ಕೆಲಸ ಮಾಡಿದರು. ಮಕ್ಕಳು ಚಿತ್ರ ಬರೆದರು, ತಮ್ಮ ಓಣಿಗಳಲ್ಲಿ ಹಿರಿಯರನ್ನು ನಡೆಸಿಕೊಂಡು ಹೋಗಿ ತೋರಿಸಿದರು. ಅಷ್ಟೊಂದು ಕೊರತೆಗಳ ನಡುವೆಯೂ ಅವರಿಗೆ ತಮ್ಮ ಕೇರಿಯ ಮೇಲಿದ್ದ ಮಮತೆ ಸಂಶೋಧಕರಿಗೆ ಅಚ್ಚರಿಯಾಗಿ ಕಂಡಿತು. ಆದರೆ ಮಕ್ಕಳು ಹೇಳಿದ್ದನ್ನು ಕಾರ್ಯಕ್ಕೆ ತರುವಾಗ ಅಡ್ಡಿಗಳು ಬಂದವು. ಈ ಮೂವರೂ ೨೦೦೧ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳೆಂದರೆ, ಆ ಅಡ್ಡಿಗಳ ಮೂಲ ಮಕ್ಕಳಲ್ಲಾಗಲಿ ಬಡಾವಣೆಯ ಜನರಲ್ಲಾಗಲಿ ಇರಲಿಲ್ಲ; ನೆರವು ನೀಡಬೇಕಾದ ಹಿರಿಯರ ಸಂಸ್ಥೆಗಳ ನಡವಳಿಕೆಯಲ್ಲೇ ಇತ್ತು. ತಮ್ಮದೇ ಯೋಜನೆಯ ಸೋಲನ್ನು ಹೀಗೆ ಬರೆದಿಟ್ಟ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಎರಡನೆಯದು ಅದೇ ಯೋಜನೆಗೆ ಸೇರಿದ ಜೊಹಾನ್ಸ್‌ಬರ್ಗಿನ ನಿದರ್ಶನ. ಅಲ್ಲಿ ಕೇನಾನ್ಸ್‌ಲ್ಯಾಂಡ್ ಎಂಬ ಗುಡಿಸಲುಕೇರಿಯ ಮಕ್ಕಳು ತಮ್ಮ ಆಲೋಚನೆಗಳನ್ನು ನಗರದ ಮೇಯರರ ಮುಂದೆಯೇ ಮಂಡಿಸಿದರು. ಮನ್ನಣೆಯೂ ದೊರೆಯಿತು. ಆದರೆ ಅದು ಕೈಗೂಡುವ ಮೊದಲೇ ಆ ಕೇರಿಯ ಜನರನ್ನು ನಗರದಿಂದ ನಲವತ್ತು ಕಿಲೋಮೀಟರಿಗೂ ದೂರದ ಬಯಲಿಗೆ ಸಾಗಿಸಲಾಯಿತು. ಮಕ್ಕಳಿಗೆ ದನಿ ದೊರೆತು ಮತ್ತೆ ಕಳೆದುಹೋಯಿತೆಂಬ ಅರ್ಥದ ತಲೆಬರಹವನ್ನೇ ಅದರ ಸಂಶೋಧಕಿ ಜಿಲ್ ಸ್ವಾರ್ಟ್-ಕ್ರೂಗರ್ ತಮ್ಮ ಲೇಖನಕ್ಕೆ ಕೊಟ್ಟರು.

ಎರಡು ಕಡೆಯೂ ಗೋಷ್ಠಿ ಚೆನ್ನಾಗಿಯೇ ನಡೆದಿತ್ತು, ಸೋತದ್ದು ಬಳಿಕ. ರೋಜರ್ ಹಾರ್ಟ್ ಅವರು ೧೯೯೨ರಲ್ಲಿ ವಿವರಿಸಿದ ಎಂಟು ಮೆಟ್ಟಿಲುಗಳ ಏಣಿ ಈ ಕ್ಷೇತ್ರದಲ್ಲಿ ಬಹು ಪ್ರಸಿದ್ಧವಾದುದು. ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ಕೂರಿಸುವುದು, ನೆಪಮಾತ್ರಕ್ಕೆ ಕೇಳುವುದು ಎಂಬ ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆಯೆಂದೇ ಒಪ್ಪಲಿಲ್ಲ. ಕೇಳಿ, ಬಳಿಕ ತಿಳಿಸುವುದು ಅವರ ಐದನೆಯ ಮೆಟ್ಟಿಲು. ಏಣಿಯ ಹೋಲಿಕೆಯಲ್ಲಿ ಒಂದು ಕೊರತೆಯಿದೆ: ಯಾರು ಆರಂಭಿಸಿದರು, ಯಾರು ನಿರ್ಧರಿಸಿದರು ಎಂಬುದನ್ನು ಅದು ಚೆನ್ನಾಗಿ ಅಳೆಯುತ್ತದೆ, ಕಾಲ ಕಳೆದಂತೆ ಏರಿದವರು ಇಳಿದುಬಿಡುವುದನ್ನು ಅಳೆಯುವುದಿಲ್ಲ. ಸಭೆಯ ದಿನ ಐದನೆಯ ಮೆಟ್ಟಿಲಲ್ಲಿ ನಿಂತ ಪಂಚಾಯತಿಯು ಉತ್ತರ ಕೊಡದೆ ವರ್ಷ ಕಳೆದರೆ ತಾನಾಗಿ ಮೂರನೆಯದಕ್ಕೆ ಇಳಿಯುತ್ತದೆ. ಲಾರಾ ಲುಂಡಿ ಅವರು ೨೦೦೭ರಲ್ಲಿ ಅವಕಾಶ, ದನಿ, ಕೇಳುಗರು, ಪರಿಣಾಮ ಎಂಬ ನಾಲ್ಕು ಅಂಗಗಳನ್ನು ಹೇಳಿ, ದನಿಯೊಂದೇ ಸಾಲದೆಂದು ವಾದಿಸಿದುದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಭಾರತವು ೧೯೯೨ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೨ನೆಯ ವಿಧಿಯನ್ನು ವಿವರಿಸುತ್ತ, ವಿಶ್ವಸಂಸ್ಥೆಯ ಸಮಿತಿಯು ೨೦೦೯ರಲ್ಲಿ, ತಮ್ಮ ಮಾತಿನಿಂದ ಏನಾಯಿತೆಂಬುದನ್ನು ಸ್ಪಷ್ಟವಾಗಿ ತಿಳಿಯುವ ಹಕ್ಕು ಮಕ್ಕಳಿಗಿದೆಯೆಂದು ಹೇಳಿದೆ. ಎಂದಮೇಲೆ ಉತ್ತರವು ಹಿರಿಯರ ಔದಾರ್ಯವಲ್ಲ, ಸಲ್ಲಬೇಕಾದ ಬಾಕಿ.

೬

ಇದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ಪಂಚಾಯತಿಯ ಬಳಿ ಹಣವಿಲ್ಲ, ಮಕ್ಕಳು ಕೇಳಿದ್ದನ್ನೆಲ್ಲ ಕೊಡಲಾಗದು ಎಂಬುದು ಮೊದಲನೆಯದು. ನಿಜ, ಆದರೆ ಅನುಪಾಲನೆಯೆಂದರೆ ಕೇಳಿದ್ದನ್ನೆಲ್ಲ ಕೊಡುವುದಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು. ‘ಇಲ್ಲ’ ಎಂಬುದೂ ಉತ್ತರವೇ, ಕಾರಣದೊಡನೆ ಬಂದರೆ. ‘ಇಲ್ಲ’ವೆಂದರೆ ಎಳೆಯ ಮನಸ್ಸಿಗೆ ನೋವಾದೀತೆಂಬುದು ಎರಡನೆಯದು. ಹಳ್ಳಿಯ ಮಗು ಮನೆಯಲ್ಲಿ ದಿನವೂ ‘ಇಲ್ಲ’ವನ್ನು ಕೇಳುತ್ತದೆ, ಅದರಿಂದ ಮುರಿಯುವುದಿಲ್ಲ. ಕೇಳಿ ಕೇಳಿ ಉತ್ತರ ಬಾರದೆ ಇರುವಲ್ಲಿ, ಕೇಳುವುದೇ ವ್ಯರ್ಥವೆಂಬ ಪಾಠವನ್ನು ಅದು ಕಲಿಯುತ್ತದೆ. ಮುಂದೆ ಮತದಾರನಾಗುವವನಿಗೆ ಇದಕ್ಕಿಂತ ಕೆಟ್ಟ ಪಾಠವಿಲ್ಲ.

ಮೂರನೆಯದು ನಿಧಾನದ ಸಮರ್ಥನೆ: ಸರ್ಕಾರದ ಕೆಲಸಕ್ಕೆ ಕಾಲ ಹಿಡಿಯುತ್ತದೆಂಬುದು. ಇಲ್ಲಿಯೇ ಮಕ್ಕಳ ವಿಷಯವು ಉಳಿದೆಲ್ಲಕ್ಕಿಂತ ಬೇರೆಯಾಗುವುದು. ಪಂಚಾಯತಿಯ ಅವಧಿ ಐದು ವರ್ಷ. ಹನ್ನೆರಡು ವರ್ಷದ ಬಾಲಕಿಗೆ ಆ ಅವಧಿ ಮುಗಿಯುವಾಗ ಹದಿನೇಳು. ಅವಳು ಕೇಳಿದ ಆಟದ ಬಯಲು ಆಗ ಸಿದ್ಧವಾದರೆ ಅದು ಬೇರೊಬ್ಬರದು. ಕಾಯುವ ಹಿರಿಯನು ಕಾದ ಮೇಲೂ ಅವನೇ ಆಗಿರುತ್ತಾನೆ. ಕಾಯುವ ಮಗು ಕಾದು ಮುಗಿಯುವಷ್ಟರಲ್ಲಿ ಮಗುವಾಗಿರುವುದಿಲ್ಲ.

ಇದಕ್ಕಿಂತ ಕಠಿನವಾದ ಮಾತೊಂದಿದೆ. ೨೦೨೨ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿ ಕಾಲುಸಂಕ ದಾಟುವಾಗ ನೀರಿಗೆ ಬಿದ್ದು ಕೊಚ್ಚಿಹೋಗಿ ತೀರಿಕೊಂಡಳು. ಬೈಂದೂರು ಹಿಂದೆ ಕುಂದಾಪುರ ತಾಲ್ಲೂಕಿಗೇ ಸೇರಿದ್ದ ಸೀಮೆ. ಆ ಒಂದು ಸಂಕದ ವಿಷಯದಲ್ಲಿ ಯಾರು ಹೊಣೆಯೆಂದು ವಿಚಾರಿಸುವುದು ವಿಮರ್ಶಾಲೇಖನದ ಅಧಿಕಾರಕ್ಕೆ ಒಳಪಟ್ಟುದಲ್ಲ. ಅದನ್ನು ಇಲ್ಲಿ ಯಾರ ಮೇಲೂ ಹೊರಿಸಿಲ್ಲ. ಆದರೆ ಕಾಲುಸಂಕ ಅಪಾಯವೆಂದು ಆ ಸೀಮೆಯ ಮಕ್ಕಳು ಹಿರಿಯರಿಗೆ ಹೇಳತೊಡಗಿದುದು ಅವಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ. ಹೇಳಿದ ಮಕ್ಕಳು ಬೆಳೆದು ತಂದೆತಾಯಿಯರಾಗುವಷ್ಟು ಕಾಲ ಸರಿದುಹೋಗಿತ್ತು. ಮಕ್ಕಳ ಸಭೆಯು ಮನರಂಜನೆಯ ಕಾರ್ಯಕ್ರಮವಲ್ಲ, ಅದರ ನಡಾವಳಿ ಕಡತಕ್ಕೆ ಸೇರಿಸತಕ್ಕ ಕಾಗದ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ಒಳ್ಳೆಯ ಅನುಪಾಲನಾ ವರದಿ ಹೇಗಿರಬೇಕು? ಮಕ್ಕಳು ಹೇಳಿದ್ದು ಮಕ್ಕಳ ಮಾತಿನಲ್ಲೇ ಅದರಲ್ಲಿರಬೇಕು. ಹಿರಿಯರು ಅದನ್ನು ಏನೆಂದು ತಿಳಿದರೆಂಬುದು ಪಕ್ಕದಲ್ಲಿರಬೇಕು. ಆಗುವುದೋ, ಆಗದೋ, ಇನ್ನೊಬ್ಬರ ಕೈಯಲ್ಲಿದೆಯೋ ಎಂಬ ನಿರ್ಧಾರವಿರಬೇಕು. ಆಗುವುದಾದರೆ ಕರ್ತೃಪದವೂ ದಿನಾಂಕವೂ, ಆಗದಿದ್ದರೆ ಕಾರಣವೂ ಇರಬೇಕು. ಅದನ್ನು ಶಾಲೆಯ ಗೋಡೆಗೆ ಅಂಟಿಸಬೇಕು; ಮುಂದಿನ ವರ್ಷದ ಸಭೆ ಹೊಸ ಬೇಡಿಕೆಗಳಿಂದಲ್ಲ, ಹಳೆಯ ವರದಿಯ ಓದಿನಿಂದ ಆರಂಭವಾಗಬೇಕು. ಹತ್ತನೆಯ ತರಗತಿ ಮುಗಿಸಿ ಹೋದವರು ಕೇಳಿದ್ದನ್ನು ಎಂಟನೆಯವರು ತಿಳಿದಿರಬೇಕು. ಇಲ್ಲವಾದರೆ ಪ್ರತಿ ವರ್ಷದ ಮಕ್ಕಳೂ ಅದೇ ಪ್ರಶ್ನೆಯನ್ನು ಹೊಸದೆಂದು ಕೇಳುತ್ತಾರೆ. ಹಿರಿಯರೂ ಅದನ್ನು ಹೊಸದೆಂದೇ ಸ್ವೀಕರಿಸುತ್ತಾರೆ.

ಹೈದರಾಬಾದಿನ ಕನ್ನಡಿಗರಿಗೆ ಈ ವಿಚಾರ ದೂರದ್ದಲ್ಲ. ಈ ನಗರದ ರಾಜೇಂದ್ರನಗರದಲ್ಲಿರುವ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತಿ ರಾಜ್ ಸಂಸ್ಥೆಯು ಪಂಚಾಯತಿಗಳ ತರಬೇತಿಗೆ ದೇಶಕ್ಕೇ ಕೇಂದ್ರ. ಪಂಚಾಯತಿಗಳಿಗಾಗಿ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಒಂಬತ್ತು ಧ್ಯೇಯಗಳಲ್ಲಿ ಮಕ್ಕಳಸ್ನೇಹಿ ಗ್ರಾಮವೂ ಒಂದು. ಸಭೆ ನಡೆಸುವ ಬಗೆಯನ್ನು ಕಲಿಸುವಲ್ಲಿ ಉತ್ತರ ಬರೆಯುವ ಬಗೆಯನ್ನೂ ಕಲಿಸಿದರೆ ಅದರ ಪ್ರಯೋಜನ ಕನ್ನಡ ನಾಡಿಗೂ ಮುಟ್ಟೀತು. ಹೊರನಾಡಿನ ಕನ್ನಡ ಸಂಘಗಳೂ ಈ ವಿಮರ್ಶೆಯಿಂದ ಹೊರತಲ್ಲ. ರಾಜ್ಯೋತ್ಸವದ ದಿನ ಮಕ್ಕಳನ್ನು ವೇದಿಕೆಗೆ ಕರೆಯುವುದು ಎಲ್ಲೆಡೆ ವಾಡಿಕೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಉರ್ದು, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುವ ಆ ಮಕ್ಕಳಿಗೆ ಕನ್ನಡ ತರಗತಿ ಹೇಗಿರಬೇಕು, ಪುಸ್ತಕಭಂಡಾರದಲ್ಲಿ ಏನಿರಬೇಕು ಎಂದು ಕೇಳುವುದು ಕಷ್ಟವಲ್ಲ. ಕೇಳಿದ ಮೇಲೆ, ಮುಂದಿನ ಭಾನುವಾರ ಅವರೆದುರು ಕುಳಿತು ‘ನೀವು ಹೇಳಿದ್ದರಲ್ಲಿ ಇಷ್ಟು ಮಾಡಿದೆವು, ಇಷ್ಟು ನಮ್ಮಿಂದಾಗದು, ಕಾರಣ ಹೀಗೆ’ ಎಂದು ಒಪ್ಪಿಸುವುದರಲ್ಲಿ ಸಂಘದ ಪರೀಕ್ಷೆಯಿದೆ. ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗುವ ಧೈರ್ಯವಿಲ್ಲದವರು ಮಕ್ಕಳನ್ನು ಕೇಳದಿರುವುದೇ ಲೇಸು.